ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಚಿಕ್ಕ ಮಕ್ಕಳನ್ನು ಕರೆದೊಯ್ದವರು ಅನುಭವ ಹೇಳಿ

ಕೇಳಿದವರು:
ಆಗಸ್ಟ್ ಪ್ರದರ್ಶನಕ್ಕೆ ಹೋಗಬೇಕೆಂದಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಅತ್ತೆಯವರಿಗೆ ಮೊಣಕಾಲು ನೋವು, ಆದರೂ ಬಂದೇ ಬರುತ್ತೇನೆ ಎನ್ನುತ್ತಿದ್ದಾರೆ. ಇಬ್ಬರಿಗೂ ರಜೆ ಇರುವುದು ಭಾನುವಾರ ಮಾತ್ರ. ತಳ್ಳುಗಾಡಿ ತರಬೇಕೇ? ಯಾವ ದ್ವಾರದಿಂದ ಹೋದರೆ ಅನುಕೂಲ?

ಎರಡು ಮಕ್ಕಳ ತಾಯಿ:
ತಳ್ಳುಗಾಡಿಯ ಮಾತು ಎತ್ತಿದಿರಿ, ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. 2024ರ ಆಗಸ್ಟ್, ಅಂಬೇಡ್ಕರ್ ಅವರ ಬದುಕನ್ನು ಹೂವಿನಲ್ಲಿ ತೋರಿಸಿದ ವರ್ಷ. ಭಾನುವಾರ ಹನ್ನೊಂದಕ್ಕೆ ಮೆಟ್ರೊ ಇಳಿದು ಪಶ್ಚಿಮ ದ್ವಾರಕ್ಕೆ ಬಂದೆವು. ವಾರಾಂತ್ಯದಲ್ಲಿ ದೊಡ್ಡವರಿಗೆ ತಲಾ 100 ರೂಪಾಯಿ. ನಾವಿಬ್ಬರು, ನನ್ನ ಅಪ್ಪ, ಅಮ್ಮ ಸೇರಿ 400, ಏಳು ವರ್ಷದ ಮಗನಿಗೆ 30. ಅದು ಹೋಗಲಿ. ಎರಡು ವರ್ಷದ ಮಗಳಿಗೆಂದು ಹಿಂದಿನ ವಾರವಷ್ಟೇ 6,200 ಕೊಟ್ಟು ತಳ್ಳುಗಾಡಿ ಕೊಂಡಿದ್ದೆವು. ಪ್ರದರ್ಶನ ನಡೆಯುವ ಗಾಜಿನ ಮನೆಯ ಬಾಗಿಲು ತಲುಪುವಷ್ಟರಲ್ಲಿ ಮುಂದಿನವರ ಹಿಮ್ಮಡಿಗೆ ನಾಲ್ಕು ಬಾರಿ ತಾಗಿಸಿ ನಾಲ್ಕು ಬಾರಿ ಬೈಸಿಕೊಂಡೆ. ಒಳಗೆ ಹೋದ ಮೇಲೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಮಗಳು ಕುಳಿತಲ್ಲಿಂದ, "ಅಮ್ಮ, ಬರೀ ಕಾಲುಗಳು" ಎಂದು ಅಳತೊಡಗಿದಳು. ಬಗ್ಗಿ ಅವಳ ಎತ್ತರದಿಂದ ನೋಡಿದೆ. ನಿಜವಾಗಿಯೂ ಕಾಲುಗಳ ಹೊರತು ಒಂದು ದಳ ಹೂವೂ ಕಾಣುತ್ತಿರಲಿಲ್ಲ.

ಹೊರಗೆ ಬರುವಾಗ ಮೆಟ್ಟಿಲಿಗೆ ಬಡಿದು ಮುಂದಿನ ಚಕ್ರದ ಕಡ್ಡಿ ಮುರಿಯಿತು. ರಿಪೇರಿಗೆ 900 ಕೇಳಿದರು. ಅಷ್ಟರಲ್ಲಿ ಮಳೆ. ಆಟೊದವರೊಬ್ಬರು ಮುರಿದ ಗಾಡಿಯನ್ನೂ ಲೆಕ್ಕ ಹಾಕಿ 380 ತೆಗೆದುಕೊಂಡರು. ಗಾಡಿ ಇಂದಿಗೂ ಮನೆಯ ಮೇಲಿನ ಸಜ್ಜೆಯಲ್ಲಿದೆ.

ಜೋಳಿಗೆ ಕಟ್ಟಿದ ಅಪ್ಪ:
ಭಾನುವಾರ ಹನ್ನೊಂದಕ್ಕೆ ಹೋದದ್ದೇ ತಪ್ಪು, ತಳ್ಳುಗಾಡಿಯನ್ನು ದೂರಬೇಡಿ. 2024ರ ಜನವರಿಯಲ್ಲಿ, ಬಸವಣ್ಣನವರ ಮೇಲೆ ಪ್ರದರ್ಶನ ಇದ್ದಾಗ, ನಾನು ಮಂಗಳವಾರ ರಜೆ ಹಾಕಿ ಬಾಗಿಲು ತೆರೆಯುವ ಹೊತ್ತಿಗೆ ನಿಂತಿದ್ದೆ. ವಾರದ ದಿನ 80 ರೂಪಾಯಿ. ಒಂದೂವರೆ ವರ್ಷದ ಮಗನನ್ನು ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡಿದ್ದೆ, ದೊಡ್ಡವಳನ್ನು ಶಾಲೆ ಬಿಡಿಸಿ ಕರೆತಂದಿದ್ದೆ. ಹೂವಿನ ಅನುಭವ ಮಂಟಪದ ಮುಂದೆ ಮೂವರೇ ನಿಂತು, ಬಸವಣ್ಣ ಯಾರು, ಅಕ್ಕ ಯಾರು, ಅಲ್ಲಿ ಯಾರೆಲ್ಲ ಕುಳಿತು ಮಾತನಾಡುತ್ತಿದ್ದರು ಎಂದು ಹೇಳಿದೆ. ಒಂಬತ್ತಕ್ಕೆ ಹೊರಗಿದ್ದೆವು. ಮಕ್ಕಳ ಮೇಲೆ ಆಸೆ ಇದ್ದರೆ ಒಂದು ದಿನ ರಜೆ ಹಾಕಬಹುದು.

ಎರಡು ಮಕ್ಕಳ ತಾಯಿ:
ಕಡೆಯ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ. ರಜೆ ಸಿಗದವರಿಗೆ ಮಕ್ಕಳ ಮೇಲೆ ಆಸೆ ಇಲ್ಲವೇ? ಭಾನುವಾರ ಮಾತ್ರ ಎಂದು ಕೇಳಿದವರು ಬರೆದಿದ್ದಾರೆ, ಓದಿ.

ಪಾಳಿ ಕೆಲಸದವರು:
ಸರಿಯಾಗಿ ಹೇಳಿದಿರಿ. ನನಗೆ ರಜೆ ಎಂದರೆ ಆ ದಿನದ 650 ರೂಪಾಯಿ ಹೋಯಿತು. ಮೂರು ಮಕ್ಕಳನ್ನು ಕರೆದುಕೊಂಡು ಭಾನುವಾರವೇ ಹೋದೆ, ನೂಕುನುಗ್ಗಲಿನಲ್ಲೇ ನೋಡಿದೆವು. ಬೆಳಿಗ್ಗೆ ಬೇಗ ಹೋಗಿ ಎನ್ನುವವರಿಗೆ ಇನ್ನೊಂದು ತಿಳಿದಿರಲಿ: ಭಾನುವಾರ ಮೆಟ್ರೊ ಆರಂಭವಾಗುವುದೇ ಏಳಕ್ಕೆ. ದೂರದವರು ತಲುಪುವಾಗ ಎಂಟು ದಾಟುತ್ತದೆ. ಬಸ್ಸಿನಲ್ಲಿ ಎರಡು ಕಡೆ ಬದಲಿಸಿ, ಚಿಕ್ಕದಕ್ಕೆ ವಾಂತಿಯಾಗಿ, ದಾರಿಯಲ್ಲಿ 150 ಕೊಟ್ಟು ಅಂಗಿ ಕೊಂಡೆ. ಆ ಅಂಗಿಯನ್ನು ಅವನು ಇಂದಿಗೂ "ಹೂವಿನ ಅಂಗಿ" ಎನ್ನುತ್ತಾನೆ. ಅದರಲ್ಲಿ ಇರುವುದು ಲಾರಿಯ ಚಿತ್ರ.

ಮಗಳು ತಪ್ಪಿಸಿಕೊಂಡಿದ್ದ ತಾಯಿ:
ಗಾಡಿ, ರಜೆ, ದರ ಎಲ್ಲ ಆಮೇಲೆ. ನನ್ನದನ್ನು ಓದಿ. 2022ರ ಆಗಸ್ಟ್, ರಾಜ್‌ಕುಮಾರ್ ಮತ್ತು ಪುನೀತ್ ಅವರ ನೆನಪಿನ ಪ್ರದರ್ಶನ. ಹೂವಿನಲ್ಲಿ ರಾಜ್‌ಕುಮಾರ್ ಅವರ ಗಾಜನೂರಿನ ಮನೆ ಮಾಡಿದ್ದರು. ಜನ ಅತ್ತುಕೊಂಡು ನೋಡುತ್ತಿದ್ದರು, ನಾನೂ ಅತ್ತೆ. ಫೋಟೊಗಾಗಿ ಕೈ ಬಿಟ್ಟದ್ದು ಎರಡೇ ನಿಮಿಷ. ತಿರುಗಿ ನೋಡಿದರೆ ಐದು ವರ್ಷದ ಮಗಳಿಲ್ಲ.

ಇಪ್ಪತ್ತೆರಡು ನಿಮಿಷ. ಮೊಬೈಲ್‌ಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಮುಂಜಾಗ್ರತೆಯೆಂದು ಮನೆಯಲ್ಲೇ ಅವಳ ಅಂಗೈಯಲ್ಲಿ ನನ್ನ ಸಂಖ್ಯೆ ಬರೆದಿದ್ದೆ, ಸಾಧಾರಣ ಪೆನ್ನಿನಲ್ಲಿ. ಬೆವರಿಗೆ ಅದು ನೀಲಿ ಕಲೆಯಾಗಿತ್ತು. ಒಬ್ಬ ಹಿರಿಯ ಮಾಲಿ ಅವಳನ್ನು ಪೊಲೀಸರ ಬಳಿ ಕೂರಿಸಿ ಪಕ್ಕದಲ್ಲೇ ನಿಂತಿದ್ದರು. ಅವಳು ಅಳುತ್ತಿರಲಿಲ್ಲ. ನನ್ನನ್ನು ನೋಡಿದ ಮೇಲೆ ಅತ್ತಳು. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಗಿಯ ಒಳಗೆ ಪಿನ್ ಹಾಕಿ. ಮಗುವಿನ ಆ ದಿನದ ಬಟ್ಟೆಯಲ್ಲೇ ಒಂದು ಫೋಟೊ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. "ಯಾವ ಬಣ್ಣದ ಅಂಗಿ?" ಎಂದು ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಜೋಳಿಗೆ ಕಟ್ಟಿದ ಅಪ್ಪ:
ಇದಕ್ಕೇ ಹೇಳುವುದು ಜೋಳಿಗೆ ಕಟ್ಟಿ ಎಂದು.

ಮಗಳು ತಪ್ಪಿಸಿಕೊಂಡಿದ್ದ ತಾಯಿ:
ಐದು ವರ್ಷದವಳನ್ನು ಜೋಳಿಗೆಯಲ್ಲಿ ಕಟ್ಟುತ್ತೀರಾ? ನನ್ನ ಬದುಕಿನ ಅತ್ಯಂತ ಕೆಟ್ಟ ಇಪ್ಪತ್ತೆರಡು ನಿಮಿಷದ ಮೇಲೆ ನಿಮ್ಮ ಜೋಳಿಗೆಯನ್ನು ನೇತುಹಾಕಬೇಡಿ.

ಮಾವಳ್ಳಿಯ ಅಜ್ಜ:
ನಾನು ಅರವತ್ತು ವರ್ಷದಿಂದ ನೋಡುತ್ತಿದ್ದೇನೆ. ಹೆಸರು ಫಲಪುಷ್ಪ ಪ್ರದರ್ಶನ. ಫಲ ಎಲ್ಲಿ? ನಮ್ಮ ತಂದೆ ನನ್ನನ್ನು ಕರೆದೊಯ್ದು, ಇದು ಎಂಥ ಕುಂಬಳ, ಯಾವ ಊರಿನ ಮಣ್ಣಿನದು ಎಂದು ತೋರಿಸುತ್ತಿದ್ದರು. ಈಗ ಮೊಮ್ಮಕ್ಕಳಿಗೆ ತೋರಿಸಲು ಗುಲಾಬಿ ಚುಚ್ಚಿದ ಕಟ್ಟಡಗಳು. 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯನವರ ನೆನಪಿಗೆ ಹೂವಿನ ವಿಧಾನಸೌಧ ಮಾಡಿದರು. ನಿಜವಾದ ವಿಧಾನಸೌಧ ಊರಿನಲ್ಲೇ ಇದೆಯಲ್ಲ. ಕೊಯ್ದ ಹೂವು ಎಷ್ಟು ದಿನ ತಾಳೀತು? ಪ್ರದರ್ಶನದ ನಡುವೆಯೇ ಬದಲಿಸಬೇಕಾಗುತ್ತದೆ. ಹೈದರಾಲಿ ಕಟ್ಟಿಸಿದ ಗಾಜಿನ ಮನೆಗೆ ಇದು ಸಲ್ಲದು.

ಇತಿಹಾಸದ ಶಿಕ್ಷಕಿ:
ಹಿರಿಯರೇ, ಕ್ಷಮಿಸಿ. ಹೈದರಾಲಿ ತೋಟ ಆರಂಭಿಸಿದ್ದು 1760ರಲ್ಲಿ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್, 1889ರಲ್ಲಿ, ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಅದರ ಮಾದರಿ. ತಪ್ಪನ್ನು ಮಕ್ಕಳಿಗೆ ಹೇಳಿದರೆ ನಾವು ತರಗತಿಯಲ್ಲಿ ತಿದ್ದಲು ವರ್ಷ ಹಿಡಿಯುತ್ತದೆ. ಫಲವೂ ಪೂರ್ತಿ ಮಾಯವಾಗಿಲ್ಲ. ಲಾಲ್‌ಬಾಗ್‌ನ ಮರೀಗೌಡ ಸ್ಮಾರಕ ಭವನದಲ್ಲಿ ಇಕೆಬಾನ ಎಂಬ ಜಪಾನಿ ಹೂಜೋಡಣೆ, ಬೋನ್ಸಾಯ್ ಕುಬ್ಜ ಮರಗಳ ಜೊತೆ ತರಕಾರಿ ಕೆತ್ತನೆ ಇಡುತ್ತಾರೆ. ನನ್ನ ಮಗ ಅಲ್ಲಿಂದ ಕದಲಲೇ ಇಲ್ಲ.

ಮಾವಳ್ಳಿಯ ಅಜ್ಜ:
ಇಸವಿ ಒಪ್ಪಿದೆ, ತಪ್ಪು ನನ್ನದೇ. ಆದರೆ ಕೆತ್ತಿದ ಕಲ್ಲಂಗಡಿ ಬೇರೆ, ಬೆಳೆದ ಕಲ್ಲಂಗಡಿ ಬೇರೆ. ಬೆಳೆದ ರೈತನ ಹೆಸರು ಅಲ್ಲಿ ಇರಬೇಕು. ಅದನ್ನು ನಾನು ಬಿಡುವುದಿಲ್ಲ.

ಮೈಸೂರಿನಿಂದ ಒಬ್ಬರು:
ಇಷ್ಟು ಕಷ್ಟ ಏಕೆ? ದಸರಾದಲ್ಲಿ ಇಲ್ಲಿಗೆ ಬನ್ನಿ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ಮಗು ನಡೆದುಕೊಂಡೇ ನೋಡಬಹುದು. ಇಲ್ಲಿಯೂ ಗಾಜಿನ ಮನೆ ಇದೆ. ನನ್ನ ಮೂರು ವರ್ಷದವಳು ಸಂಜೆಯ ದೀಪದಲ್ಲಿ ಎರಡು ಸುತ್ತು ಹಾಕಿದಳು.

ಪಾಳಿ ಕೆಲಸದವರು:
ದಸರಾ ಜನಸಂದಣಿಯಲ್ಲಿ ಮೈಸೂರಿನ ಬಸ್ ಹತ್ತಿ ನೋಡಿದ್ದೀರಾ? ಲಾಲ್‌ಬಾಗ್‌ಗೆ ಮೂರು ಬಾರಿ ಹೋಗಿ ಬರುವ ದುಡ್ಡು ಒಂದು ಸಂಸಾರದ ಪ್ರಯಾಣಕ್ಕೇ ಆಗುತ್ತದೆ.

ಬಂಡೆಯ ಪಕ್ಷದವರು:
ನಾವು 100 ಕೊಟ್ಟು ಒಳಗೆ ಹೋಗಿ ಗಾಜಿನ ಮನೆ ನೋಡಲೇ ಇಲ್ಲ. ನನಗೆ ಬೇಸರವೂ ಇಲ್ಲ. ಕೆಂಪೇಗೌಡ ಗೋಪುರವಿರುವ ಬಂಡೆಗೆ ಹೋದೆವು. ಸುಮಾರು 300 ಕೋಟಿ ವರ್ಷದ ಕಲ್ಲು, 1975ರಿಂದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾಲ್ಕು ವರ್ಷದ ಮಗ ಅದರ ಮೇಲೆ ಅಂಗಾತ ಮಲಗಿ, "ಕಲ್ಲು ಬೆಚ್ಚಗಿದೆ" ಎಂದ. ಇರುವೆ ಸಾಲಿನ ಹಿಂದೆ ಮುಕ್ಕಾಲು ಗಂಟೆ ಹೋದ. ಆಮೇಲೆ ಬೂರುಗದ ಮರದ ಬುಡ. ಆ ಬೇರಿನ ಗೋಡೆಗಳ ನಡುವೆ ಅವನು ಪೂರ್ತಿ ಅಡಗಿಕೊಳ್ಳುತ್ತಿದ್ದ. ಮನೆಗೆ ಬಂದ ಮೇಲೆ ಅಜ್ಜಿ ಹೂವು ಹೇಗಿತ್ತು ಎಂದು ಕೇಳಿದಾಗ ಇರುವೆಯ ಕಥೆ ಹೇಳಿದ.

ಎರಡು ಮಕ್ಕಳ ತಾಯಿ:
ಆಗಸ್ಟ್‌ನಲ್ಲಿ ಮಳೆ ಬಿದ್ದ ಬಂಡೆಯ ಮೇಲೆ ಮಗುವನ್ನು ಬಿಡಲು ಹೇಳುತ್ತಿದ್ದೀರಾ? ನನ್ನ ಅಪ್ಪ ಅಲ್ಲೇ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ವೈದ್ಯರಿಗೆ 700, ಪಟ್ಟಿಗೆ 415.

ಬಂಡೆಯ ಪಕ್ಷದವರು:
ನಾವು ಹೋದದ್ದು ಜನವರಿಯಲ್ಲಿ, ಬಿಸಿಲಿತ್ತು. ಮಳೆಯಲ್ಲಿ ಬೇಡ, ಅದನ್ನು ಮೊದಲೇ ಬರೆಯಬೇಕಿತ್ತು.

ಕೇಳಿದವರು:
ಎಲ್ಲರಿಗೂ ವಂದನೆ. ತಳ್ಳುಗಾಡಿ ಮನೆಯಲ್ಲೇ ಇರಲಿ ಎಂದು ನಿರ್ಧರಿಸಿದೆವು. ಚೀಟಿ ಮತ್ತು ಪಿನ್ ಈಗಲೇ ತೆಗೆದಿಟ್ಟಿದ್ದೇನೆ. ದ್ವಾರದ ವಿಷಯ ಮತ್ತು ಅತ್ತೆಯವರ ಮೊಣಕಾಲಿನ ವಿಷಯ ಯಾರೂ ಹೇಳಲಿಲ್ಲ.

ಮಾವಳ್ಳಿಯ ಅಜ್ಜ:
ನನ್ನದೂ ಅದೇ ಮೊಣಕಾಲು. ಮೆಟ್ರೊದಲ್ಲಿ ಬಂದರೆ ಪಶ್ಚಿಮ ದ್ವಾರ. ಗಾಜಿನ ಮನೆಯ ಸಾಲಿನಲ್ಲಿ ಅವರನ್ನು ನಿಲ್ಲಿಸಬೇಡಿ, ನಿಂತಷ್ಟು ಹೊತ್ತು ನಡೆದರೆ ಇಷ್ಟು ನೋಯುವುದಿಲ್ಲ. ಮರದ ಕೆಳಗೆ ಬೆಂಚು ಹಿಡಿದು ಕೂರಿಸಿ, ಚಿಕ್ಕವನನ್ನು ಅವರ ಮಡಿಲಿಗೆ ಕೊಡಿ, ನೀವಿಬ್ಬರು ಸರದಿಯಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಹೋಗಿ ಬನ್ನಿ. ನನ್ನ ಹೆಂಡತಿ ಇದ್ದಾಗ ನಾವು ಹೀಗೆಯೇ ಮಾಡುತ್ತಿದ್ದೆವು. ಅವಳು ಬೆಂಚಿನಲ್ಲಿ ಕುಳಿತು ಹೋಗುವ ಬರುವ ಮಕ್ಕಳನ್ನೇ ನೋಡುತ್ತಿದ್ದಳು, ಒಂದು ವರ್ಷವೂ ಒಳಗೆ ಬರಲು ಒಪ್ಪಲಿಲ್ಲ.

ಜೋಳಿಗೆ ಕಟ್ಟಿದ ಅಪ್ಪ:
ಚಿಕ್ಕವನನ್ನು ಮಡಿಲಲ್ಲಿ ಬಿಟ್ಟು ಹೋಗುವ ಬದಲು ಜೋಳಿಗೆಯಲ್ಲಿ ಕಟ್ಟಿಕೊಂಡರೆ ಅವನೂ ನೋಡುತ್ತಾನೆ.

ಎರಡು ಮಕ್ಕಳ ತಾಯಿ:
ಅಜ್ಜ ಹೇಳಿದ್ದನ್ನು ಮಾಡಿ.