ಎರಡು ಕೋಣೆ, ಇಬ್ಬರು ಮಕ್ಕಳು, ರಜೆಯ ದಿನ: ನಿಮ್ಮ ಮನೆಯಲ್ಲಿ ಏನು ಮಾಡ್ತೀರಿ?

ಕೇಳಿದವರು, ಇಬ್ಬರು ಮಕ್ಕಳ ತಾಯಿ:

ನಮ್ಮದು ಮೂರನೇ ಮಹಡಿಯ ಮನೆ. ಮಗಳಿಗೆ 9 ವರ್ಷ, ಮಗನಿಗೆ 6. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳಿಗೆ ಆಡೋಕೆ ಅಂಗಳ ಇಲ್ಲ, ರಸ್ತೆಗೆ ಬಿಡುವ ಹಾಗಿಲ್ಲ. ರಜೆ ಬಂದರೂ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತೇವೆ. ಎಲ್ಲಿಗಾದರೂ ಹೋಗಿ ಬನ್ನಿ ಅನ್ನುವ ಸಲಹೆ ಬೇಡ. ಮನೆಯೊಳಗೇ ನಿಮಗೆ ಖುಷಿ ಕೊಟ್ಟ ಸಣ್ಣ ಸಂಗತಿ ಇದ್ದರೆ ಹೇಳಿ. ನೀವೇ ಮಾಡಿ ನೋಡಿದ್ದಾಗಿರಲಿ.

ಹತ್ತು ವರ್ಷದ ಹುಡುಗನ ಅಪ್ಪ:

ಮೇಡಂ, ರಸ್ತೆ ಕಡೆಗೆ ಒಂದು ಕಿಟಕಿ ಇದೆಯಾ? ಇದ್ದರೆ ಸಾಕು.

ನಮಗೆ ಇದು ತಾನಾಗಿ ಸಿಕ್ಕಿದ್ದು. ಮಗನಿಗೆ ಜ್ವರ ಬಂದಿತ್ತು, ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದ. ಹಳೇ ರಟ್ಟಿನ ಡಬ್ಬ ಬಿಡಿಸಿ ಕಿಟಕಿಗೆ ಅಡ್ಡ ಇಟ್ಟೆ. ರಟ್ಟಿನಲ್ಲಿ ಒಂದು ತೂತಿತ್ತು, ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನು ಮಲಗಿದಲ್ಲಿಂದಲೇ "ಅಪ್ಪಾ, ಗೋಡೆ ಮೇಲೆ ಸ್ಕೂಟರ್ ಹೋಯ್ತು" ಅಂದ. ಜ್ವರಕ್ಕೆ ಬಡಬಡಿಸ್ತಿದ್ದಾನೆ ಅಂದುಕೊಂಡು ಹಣೆ ಮುಟ್ಟಿ ನೋಡಿದೆ. ಆಮೇಲೆ ಪಕ್ಕದಲ್ಲಿ ಮಲಗಿದೆ. ನನಗೂ ಕಂಡಿತು. ಸೂರಿನ ಹತ್ತಿರ ಇಡೀ ರಸ್ತೆ ತಲೆಕೆಳಗಾಗಿ ತೂಗುತ್ತಿತ್ತು. ಎದುರು ಮನೆಯ ಹಳದಿ ಗೋಡೆ, ಒಣಗಲು ಹಾಕಿದ ಬಟ್ಟೆ, ಕಾಲು ಮೇಲೆ ಮಾಡಿ ನಡೆಯುವ ಜನ. ಆಕಾಶ ಮಾತ್ರ ಕೆಳಗೆ, ನಮ್ಮ ಹಾಸಿಗೆ ಪಕ್ಕ. ಇನ್ನೊಂದು ವಿಚಿತ್ರ ಅಂದರೆ, ಗಾಡಿಯ ಸದ್ದು ಒಂದು ಕಡೆಗೆ ಹೋದರೆ ಗೋಡೆ ಮೇಲಿನ ಗಾಡಿ ಅದರ ಎದುರು ದಿಕ್ಕಿಗೆ ಹೋಗುತ್ತಿತ್ತು. ಅವತ್ತು ಅವನು ಮಾತ್ರೆ ನುಂಗಲು ಹಟ ಮಾಡಲಿಲ್ಲ.

ಈಗ ಬೇಕೆಂದೇ ಮಾಡುತ್ತೇವೆ. ಕಿಟಕಿಗೆ ರಟ್ಟು ಅಥವಾ ದಪ್ಪ ಕಪ್ಪು ಕಾಗದ ಹಚ್ಚಿ. ಅಂಚಿನಿಂದ ಬೆಳಕು ಸೋರದ ಹಾಗೆ ಟೇಪ್ ಹಾಕಿ, ಬಾಗಿಲ ಸಂದಿಗೆ ಟವೆಲ್ ಒತ್ತಿ. ನಡುವೆ 1 ಸೆಂಟಿಮೀಟರ್ ಅಗಲದ ತೂತು, ಅಂಗಿಯ ಗುಂಡಿಯಷ್ಟು. ಎದುರುಗೋಡೆಗೆ ಬಣ್ಣ ಇದ್ದರೆ ಬಿಳಿ ಬೆಡ್‌ಶೀಟ್ ಕಟ್ಟಿ. ಆಮೇಲೆ ಕತ್ತಲಲ್ಲಿ ಹತ್ತು ನಿಮಿಷ ಸುಮ್ನೆ ಕೂರಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಏನೂ ಕಾಣಲ್ಲ ಅಂತ ಎದ್ದು ಹೋದರೆ ಮುಗೀತು, ಜಾಸ್ತಿ ಜನ ಸೋಲುವುದೇ ಅಲ್ಲಿ. ತೂತು ಚಿಕ್ಕದಾದಷ್ಟೂ ಚಿತ್ರ ಚೂಪು, ಆದರೆ ಮಂಕು. ದೊಡ್ಡದಾದರೆ ಬೆಳಕು ಜಾಸ್ತಿ, ಚಿತ್ರ ಕಲಸಿದ ಹಾಗೆ.

ತಲೆಕೆಳಗು ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಬೆಳಕು ನೇರವಾಗಿ ಹೋಗುತ್ತೆ. ಮೇಲಿನ ಚಾವಣಿಯಿಂದ ಹೊರಟದ್ದು ತೂತಿನಲ್ಲಿ ನುಗ್ಗಿ ಕೆಳಗೆ ಬೀಳುತ್ತೆ, ಕೆಳಗಿನ ರಸ್ತೆಯಿಂದ ಬಂದದ್ದು ಮೇಲಕ್ಕೆ. ಅಷ್ಟೇ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ. ಸುಮಾರು 1000 ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಅನ್ನುವ ವಿದ್ವಾಂಸ ಹೀಗೇ ತೂತಿನ ಬೆಳಕನ್ನು ಪರೀಕ್ಷೆ ಮಾಡಿ ನೋಡಿದ್ದ. ಕ್ಯಾಮೆರಾ ಅನ್ನುವ ಪದಕ್ಕೆ ಲ್ಯಾಟಿನ್‌ನಲ್ಲಿ ಕೋಣೆ ಅಂತಲೇ ಅರ್ಥ. ನಿಮ್ಮ ಮಗಳಿಗೆ ಇದು ಖಂಡಿತ ಇಷ್ಟ ಆಗುತ್ತೆ, ಒಂಬತ್ತು ವರ್ಷ ಅಂದರೆ ಸರಿಯಾದ ವಯಸ್ಸು.

ಮೊಮ್ಮಕ್ಕಳ ಜೊತೆ ಇರುವ ಅಜ್ಜ:

ಮೇಲೆ ಬರೆದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನಮ್ಮ. ಮನೆಯಲ್ಲಿ ಯಾರದಾದರೂ ಓದುವ ಕನ್ನಡಕ ಇದ್ದರೆ, ತೂತನ್ನು ಇನ್ನೂ ಅಗಲ ಮಾಡಿ ಒಂದು ಗಾಜನ್ನು ಅದಕ್ಕೆ ಹಿಡಿಯಿರಿ. ಪ್ಲಸ್ 1 ನಂಬರ್ ಆದರೆ ಸುಮಾರು 1 ಮೀಟರ್ ದೂರದಲ್ಲಿ, ಪ್ಲಸ್ 2 ಆದರೆ ಅರ್ಧ ಮೀಟರ್‌ನಲ್ಲಿ ಬಿಳಿ ಕಾಗದ ಹಿಡಿದರೆ ಚಿತ್ರ ಎಷ್ಟು ಸ್ಪಷ್ಟ ಅಂದರೆ ಎಲೆ ಅಲ್ಲಾಡುವುದೂ ಕಾಣುತ್ತೆ. ಕಾಗದ ಹಿಂದೆ ಮುಂದೆ ಮಾಡುವ ಕೆಲಸ ನಮ್ಮ ಮನೆಯಲ್ಲಿ ಚಿಕ್ಕವಳದು. ಬೇರೆ ಯಾರಿಗೂ ಕೊಡುವುದಿಲ್ಲ ಅವಳು. ತೂತಿಗೆ ಬಿಸಿಲು ನೇರವಾಗಿ ಬೀಳುವ ಹೊತ್ತಿನಲ್ಲಿ ಮಾತ್ರ ಗಾಜು ಇಡಬೇಡಿ, ಕಾಗದ ಸುಡಬಹುದು. ತೂತಿನಿಂದ ಸೂರ್ಯನನ್ನು ನೋಡುವುದಂತೂ ಬೇಡವೇ ಬೇಡ.

ಮಗಳ ಜೊತೆ ಬಾಡಿಗೆ ಮನೆಯಲ್ಲಿರುವ ಅಮ್ಮ:

ನನಗೆ ರಾತ್ರಿ ಏಳರ ಮೇಲೆ ಏನನ್ನೂ ಕಟ್ಟೋಕೆ, ಅಂಟಿಸೋಕೆ ಶಕ್ತಿ ಇರಲ್ಲ. ಹಾಗಾಗಿ ನಮ್ಮದು ಒಂದು ನಿಮಿಷದ್ದು. ಪಡುವಣ ಕಿಟಕಿಯ ಗಾಜಿನ ಮೇಲೆ, ವಾರಕ್ಕೊಂದು ಸಲ, ಸೂರ್ಯ ಯಾವ ಕಟ್ಟಡದ ಹಿಂದೆ ಇಳಿದ ಅಂತ ಒಂದು ಚುಕ್ಕಿ ಅಂಟಿಸುತ್ತೇವೆ. ಪೂರ್ತಿ ಮರೆಯಾದ ಮೇಲೆ ಅಂಟಿಸುವುದು, ದಿಟ್ಟಿಸಿ ನೋಡುವುದಿಲ್ಲ. ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಬೇಕು. ನಾವು ನೆಲದ ಒಂದು ಟೈಲ್ ಗುರುತು ಮಾಡಿಕೊಂಡಿದ್ದೇವೆ, ಅದರ ಮೇಲೆ ನಿಂತು ಅವಳು ಚುಕ್ಕಿ ಎಲ್ಲಿ ಅಂತ ಹೇಳುತ್ತಾಳೆ, ನಾನು ಅಂಟಿಸುತ್ತೇನೆ.

ಮಾರ್ಚ್‌ನಲ್ಲಿ ಚುಕ್ಕಿಗಳು ಓಡಿದವು, ಒಂದಕ್ಕೂ ಇನ್ನೊಂದಕ್ಕೂ ಒಳ್ಳೇ ಅಂತರ. ಜೂನ್ ಬಂದಾಗ ಒಂದರ ಮೇಲೊಂದು ಕೂತವು. 21ರ ಸುಮಾರಿಗೆ ನಿಂತೇ ಬಿಟ್ಟ ಹಾಗಿತ್ತು, ಆಮೇಲೆ ವಾಪಸ್ ಹೊರಟವು. ನಾನು ಇದನ್ನು ಶಾಲೆಯಲ್ಲಿ ಓದಿ ಅಂಕ ತೆಗೆದಿದ್ದೆ, ನೋಡಿದ್ದು ಈಗ.

ಮೂರು ಮಕ್ಕಳ ತಾಯಿ:

ಅಕ್ಕಾ, ನಾನು ವೇಳಾಪಟ್ಟಿ ಹಾಕಿ ಸೋತಿದ್ದೇನೆ. ಸೋಮವಾರ ಚಿತ್ರ, ಮಂಗಳವಾರ ಮಣ್ಣು, ಹೀಗೆ. ಮೂರನೇ ವಾರಕ್ಕೆ ಅದು ಇನ್ನೊಂದು ಹೋಮ್‌ವರ್ಕ್ ಆಯ್ತು, ಮಕ್ಕಳು ಅತ್ತರು, ನಾನು ಬೈದೆ. ಈಗ ಒಂದು ಮೂಲೆ ಬಿಟ್ಟುಕೊಟ್ಟಿದ್ದೇನೆ. ಖಾಲಿ ಡಬ್ಬ, ದಾರ, ಹಳೇ ಸೀರೆ, ಬಟ್ಟೆ ಕ್ಲಿಪ್ಪು, ಇಷ್ಟೇ ಅಲ್ಲಿರುವುದು. ಏನು ಮಾಡಬೇಕು ಅಂತ ಹೇಳುವುದಿಲ್ಲ. ಕಟ್ಟಿದ್ದನ್ನು ರಾತ್ರಿ ಬಿಚ್ಚಿ ಎತ್ತಿಡಿ ಅಂತಲೂ ಹೇಳುವುದಿಲ್ಲ, ಅದೇ ಕಷ್ಟ. ಹೋದ ವಾರ ಊಟದ ಮೇಜಿನ ಕೆಳಗೆ ನಾಲ್ಕು ದಿನ ಒಂದು ಹಡಗಿತ್ತು. ನಾವು ನೆಲದ ಮೇಲೆ ಕೂತು ಊಟ ಮಾಡಿದೆವು.

"ಬೋರ್ ಆಗ್ತಿದೆ" ಅಂದಾಗ ಓಡಿ ಹೋಗಿ ಏನಾದರೂ ಕೊಡಬೇಡಿ. ಇಪ್ಪತ್ತು ನಿಮಿಷ ತಡೆದುಕೊಳ್ಳಿ. ಆ ಇಪ್ಪತ್ತು ನಿಮಿಷ ನಮಗೇ ಜಾಸ್ತಿ ಕಷ್ಟ, ಅಲ್ವಾ?

ಕೇಳಿದವರು, ಎರಡು ವಾರದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಭಾನುವಾರ ಬೆಳಿಗ್ಗೆ ರಟ್ಟು ಹಚ್ಚಿದೆವು. ಏನೂ ಕಾಣಲಿಲ್ಲ, ಗೋಡೆ ಮೇಲೆ ಬರೀ ಒಂದು ದುಂಡು ಬಿಸಿಲು. ಮಗನಿಗೆ ಬೇಸರವಾಗಿ ಹೊರಗೆ ಹೋದ. ಮಗಳು ಬಿಡಲಿಲ್ಲ. ನಮ್ಮ ಕಿಟಕಿ ಪೂರ್ವಕ್ಕೆ, ಬೆಳಿಗ್ಗೆ ಎದುರು ಮನೆಗಳ ಮುಖ ನೆರಳಲ್ಲಿರುತ್ತೆ, ಮಧ್ಯಾಹ್ನದ ಮೇಲೆ ನೋಡೋಣ ಅಂದಳು. ಅವಳೇ ಯೋಚಿಸಿದ್ದು.

ನಾಲ್ಕು ಗಂಟೆಗೆ ನಾಲ್ಕೂ ಜನ ಒಂದೇ ಮಂಚದ ಮೇಲೆ ಮಲಗಿದೆವು. ಮೊದಲು ನೀರಿನ ಟ್ಯಾಂಕ್ ಕಂಡಿತು, ನೆಲದ ಹತ್ತಿರ. ಆಮೇಲೆ ಮರ. ಮಗ ಚಪ್ಪಲಿಯನ್ನೂ ಹಾಕದೆ ಕೆಳಗೆ ಓಡಿದ, ಅವನ ಹಿಂದೆ ಅವರಪ್ಪ. ಎರಡು ನಿಮಿಷದಲ್ಲಿ ಸೂರಿನ ಹತ್ತಿರ ಎದುರು ಕಡೆಯ ಫುಟ್‌ಪಾತ್ ಮೇಲೆ ಒಂದು ಸಣ್ಣ ಕೆಂಪು ಅಂಗಿ ಬಂದು ನಿಂತು, ನಮ್ಮ ಕಿಟಕಿಯ ಕಡೆಗೆ ಎರಡೂ ಕೈ ಬೀಸಿತು. ಮಗಳು ಹಾಸಿಗೆ ಮೇಲೆ ಎದ್ದು ನಿಂತು ಗೋಡೆಗೆ ಕೈ ಬೀಸಿದಳು.