ಇನ್ನಷ್ಟು ಓದಿ

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ‘ಕಾಜುಬಾಗ ಮನೆ’ ಎಂದು ಹೆಸರು. ಗುಂಪಿನಲ್ಲಿ 31 ಜನ ಇದ್ದೇವೆ. ಆ ಮನೆಯಲ್ಲಿ ಇರುವುದು ಮಾತ್ರ ಒಬ್ಬರೇ, ನಮ್ಮ ಅತ್ತೆ. ಕಾರವಾರದ ಕಾಜುಬಾಗದಲ್ಲಿ ಅಜ್ಜ 1976ರಲ್ಲಿ ಕಟ್ಟಿಸಿದ ಮನೆ ಅದು. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚು, ಹಿತ್ತಿಲಲ್ಲಿ ಬಾವಿ. ಅಜ್ಜ ಹೋದ ಮೇಲೆ ದೊಡ್ಡಪ್ಪ, ಅಪ್ಪ, ಅತ್ತೆ, ಚಿಕ್ಕಪ್ಪ ನಾಲ್ವರ ಹೆಸರಿಗೂ ಜಂಟಿಯಾಗಿ ಬಂತು. ಹಾಗಾಗಿ ಅಲ್ಲಿ ಒಂದು ಹಂಚು ಒಡೆದರೂ ಗುಂಪಿನಲ್ಲಿ ಠರಾವು ಆಗಬೇಕು.

ಮೇ ತಿಂಗಳ ಒಂದು ಭಾನುವಾರ ರಾತ್ರಿ 8.40ಕ್ಕೆ ಹುಬ್ಬಳ್ಳಿ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು.

“ಹಳೆ ಮನೆ ಇದ್ದವರು ತಪ್ಪದೇ ಓದಿ!! ಎಲೆಕ್ಟ್ರಿಷಿಯನ್ ಬಂದು ಮನೆ ಪೂರ್ತಿ ವೈರಿಂಗ್ ಬದಲಿಸಬೇಕು ಎಂದರೆ ಕಣ್ಣು ಮುಚ್ಚಿ ನಂಬಬೇಡಿ!! ಮೇನ್ ಬೋರ್ಡಿನಲ್ಲಿ ಒಳ್ಳೆಯ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ, ಸಾಕು. ಸಾವಿರಾರು ರೂಪಾಯಿ ಉಳಿಸಿ. ನಿಮ್ಮವರಿಗೂ ಕಳಿಸಿ...”

ಅದರ ಕೆಳಗೆ ‘ಇನ್ನಷ್ಟು ಓದಿ’ ಎಂದಿತ್ತು. ಯಾರೂ ಒತ್ತಲಿಲ್ಲ. ನಾನೂ ಒತ್ತಲಿಲ್ಲ, ಸುಳ್ಳು ಯಾಕೆ ಹೇಳಲಿ.

ಚಿಕ್ಕಪ್ಪ ಅದನ್ನು ಸುಮ್ನೆ ಹಾಕಿದ್ದಲ್ಲ. ಹಿಂದಿನ ವಾರವೇ ಅತ್ತೆಯ ಮಗ, ನಮ್ಮ ಪುಣೆ ಭಾವ, ಬಾಡದ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಕಳಿಸಿ ಮನೆ ತೋರಿಸಿದ್ದರು. ಅವನು ಪೂರ್ತಿ ವೈರಿಂಗ್‌ಗೆ 88,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದ. ತಲೆಗೆ 22,000. ಗುಂಪಿನಲ್ಲಿ ಆರು ದಿನ ಯಾರೂ ಆ ಸುದ್ದಿ ಎತ್ತಿರಲಿಲ್ಲ. ಎಲ್ಲರೂ ಶುಭೋದಯ ಮಾತ್ರ ಹಾಕುತ್ತಿದ್ದರು.

ಪುಣೆ ಭಾವ: ಚಿಕ್ಕಮಾವ, ಇದು ನನಗೇ ಹಾಕಿದ್ದು ಅಂತ ಗೊತ್ತಾಯ್ತು.

ಹುಬ್ಬಳ್ಳಿ ಚಿಕ್ಕಪ್ಪ: ಯಾರಿಗೂ ಅಲ್ಲ ಮಾರಾಯ. ಮಾಹಿತಿಗಾಗಿ.

ಬೆಂಗಳೂರು ಅಣ್ಣ: ಇದರ ಮೂಲ ಎಲ್ಲಿ? ಬರೆದವರು ಯಾರು? ತಾರೀಕು ಇಲ್ಲ, ಹೆಸರು ಇಲ್ಲ.

ಬೆಂಗಳೂರು ಅಣ್ಣ ದೊಡ್ಡಪ್ಪನ ಮಗ. ಮೆಕ್ಯಾನಿಕಲ್ ಎಂಜಿನಿಯರ್. ಯಾರಾದರೂ ಕಷಾಯದ ಬಗ್ಗೆ ಬರೆದರೂ ಮೂಲ ಕೇಳುತ್ತಾರೆ. ಅವರೇ ಮುಂದುವರಿಸಿದರು: ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ, ಅಂದರೆ ತಾನೇ ಆಫ್ ಆಗಬೇಕಾದರೆ, ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಪ್ರಾಣ ಹೋಗುವುದಕ್ಕೆ ಅಷ್ಟೆಲ್ಲ ಬೇಡ. ಶಾಕ್‌ನಿಂದ ಉಳಿಸುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು. 30 ಮಿಲಿಆಂಪಿಯರ್ ಸೋರಿದರೂ ಬೀಳುತ್ತೆ. ಅಂದರೆ ಆ 16ರ ಸುಮಾರು 500ರಲ್ಲಿ ಒಂದು ಪಾಲು.

ಇಡೀ ರಾತ್ರಿಯಲ್ಲಿ ಬಂದ ಅತಿ ಉಪಯೋಗದ ಮಾತು ಇದೇ. ಇದಕ್ಕೆ ಒಂದೇ ಉತ್ತರ ಬಂತು.

ಹುಬ್ಬಳ್ಳಿ ಚಿಕ್ಕಪ್ಪ: ನಿನ್ನ ಮೂಲ ಎಲ್ಲಿ?

ಆಮೇಲೆ ದೊಡ್ಡಪ್ಪ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬರಲು ಶುರುವಾಯಿತು. ಹನ್ನೊಂದು ನಿಮಿಷ ಹಾಗೇ ಇತ್ತು. ದೊಡ್ಡಪ್ಪ ಶಿರಸಿಯಲ್ಲಿ ಮೇಷ್ಟ್ರಾಗಿದ್ದವರು. ಮೆಸೇಜನ್ನೂ ಪೀಠಿಕೆ, ವಿಷಯ ನಿರೂಪಣೆ ಎಂದೇ ಬರೆಯುತ್ತಾರೆ.

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಮೊದಲು ಮನುಷ್ಯನಿಗೆ ತೃಪ್ತಿ ಇರಬೇಕು. ಅಪ್ಪ ಆ ಮನೆಗೆ ಕರೆಂಟ್ ಹಾಕಿಸಿದಾಗ ಇದ್ದದ್ದು ನಾಲ್ಕು ಬಲ್ಬ್, ಒಂದು ರೇಡಿಯೋ. ಈಗ ಫ್ರಿಜ್, ಗೀಸರ್, ಮಿಕ್ಸರ್, ಪಂಪು. ಆಸೆ ಹೆಚ್ಚಾದ ಹಾಗೆ ಲೋಡ್ ಹೆಚ್ಚಾಗುತ್ತದೆ. ವೈರಿನ ತಪ್ಪಲ್ಲ. ಅಲ್ಲದೆ ಈಗಿನ ಹುಡುಗರಿಗೆ ರಿಪೇರಿ ಬರುವುದಿಲ್ಲ, ಬದಲಿಸುವುದು ಮಾತ್ರ ಬರುತ್ತದೆ.

ಕೈಮುಗಿದ ಚಿತ್ರಗಳು ಒಂಬತ್ತು ಬಂದವು. ಇಷ್ಟು ಹೊತ್ತಿಗೆ ಸಿದ್ದಾಪುರದ ಅಕ್ಕ ಎಚ್ಚರಾದರು.

ಸಿದ್ದಾಪುರ ಅಕ್ಕ: ಆ ಕಪ್ಪು ಗುಂಡು ಸ್ವಿಚ್ಚು ನೆನಪಿದೆಯಾ ಯಾರಿಗಾದ್ರೂ? ಕೆಳಗೆ ಎಳೆದರೆ ಟಪ್ ಅಂತ ಸದ್ದು. ರಾತ್ರಿ ಯಾರು ಎದ್ದರೂ ಇಡೀ ಮನೆಗೆ ಗೊತ್ತಾಗುತ್ತಿತ್ತು. ಗೋಡೆ ಮೇಲೆ ಮರದ ಪಟ್ಟಿ, ಅದರ ಮೇಲೆ ಸಾಲಾಗಿ ವೈರು. ಆ ಪಟ್ಟಿಯ ಮೇಲೆ ಪಂಚಾಂಗ ಸಿಕ್ಕಿಸುತ್ತಿದ್ದರು.

ಇದು ಹತ್ತಿತು. ಯಾರೋ ಬೇಸಿಗೆ ರಜೆಯ ಫೋಟೋ ಹಾಕಿದರು. ಜಗಲಿಯಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದು, ಕಡಲ ತೀರಕ್ಕೆ ನಡೆದುಕೊಂಡು ಹೋದದ್ದು, ಕರೆಂಟ್ ಹೋದಾಗ ಅಜ್ಜ ಬ್ಯಾಟರಿ ಹಿಡಿದು ಕೆಇಬಿಯವರನ್ನು ಬೈದದ್ದು. ಬೆಂಗಳೂರು ಅಣ್ಣನೂ ಮೂಲ ಮರೆತು ತಮಾಷೆಗೆ ಇಳಿದರು: ಕೈಗಾದ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೇ ಓಡಿ ವಿಶ್ವದಾಖಲೆ ಮಾಡಿತು. ಅದೇ ತಾಲೂಕಿನ ನಮ್ಮ ಮನೆಯಲ್ಲಿ ಜೂನ್ ತಿಂಗಳಲ್ಲಿ 962 ನಿಮಿಷ ಕರೆಂಟ್ ಇದ್ದರೆ ಹಬ್ಬ.

ಭಾವನಿಗೆ ನಗು ಬರಲಿಲ್ಲ. ಎಲೆಕ್ಟ್ರಿಷಿಯನ್ ತೆಗೆದ ಏಳು ಫೋಟೋಗಳನ್ನು ಸಾಲಾಗಿ ಹಾಕಿದರು. ಅವು ಮಂಗಳವಾರವೇ ಗುಂಪಿಗೆ ಬಂದಿದ್ದವು. ಹುಡುಗನ ವೈರ್‌ಮನ್ ಪರ್ಮಿಟ್ಟಿನ ಫೋಟೋವೂ ಅದರಲ್ಲೇ ಇತ್ತು. ಯಾರೂ ನೋಡಿರಲಿಲ್ಲ.

ಈ ಸಲ ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಮೀಟರ್ ಬೋರ್ಡಿನ ಮರಕ್ಕೆ ಒರಲೆ ಹಿಡಿದಿದೆ. ಪಿಂಗಾಣಿ ಫ್ಯೂಸಿನಲ್ಲಿ ಫ್ಯೂಸ್ ವೈರ್ ಬದಲು ದಪ್ಪ ತಾಮ್ರದ ಎಳೆ ಸುತ್ತಿದ್ದಾರೆ. ಬೆಂಕಿ ಹತ್ತಿದರೂ ಅದು ಸುಡುವುದಿಲ್ಲ. ಕರೆಂಟ್ ವಾಪಸು ಹೋಗುವ ನ್ಯೂಟ್ರಲ್ ವೈರಿಗೂ ಒಂದು ಫ್ಯೂಸ್ ಇದೆ. ಅದು ಹೋದರೆ ದೀಪ ಆರುತ್ತದೆ, ಆದರೆ ಕರೆಂಟ್ ತರುವ ಫೇಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಫ್ರಿಜ್ಜಿನ ಪ್ಲಗ್ಗಿನಲ್ಲಿ ಮೂರು ತೂತು, ಹಿಂದೆ ಎರಡೇ ವೈರು; ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ವೈರೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮನೆ ಪೂರ್ತಿ ಅಲ್ಯೂಮಿನಿಯಂ ವೈರು. ಆ ಕಾಲದಲ್ಲಿ ತಾಮ್ರ ಸಿಗುವುದು ಕಷ್ಟ, ಎಲ್ಲರೂ ಅದನ್ನೇ ಹಾಕಿಸುತ್ತಿದ್ದರಂತೆ. ಮೆತ್ತಗಿನ ಲೋಹ ಅದು. ಸ್ಕ್ರೂ ಕೆಳಗೆ ಚಪ್ಪಟೆಯಾಗಿ ವರ್ಷ ಹೋದ ಹಾಗೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿ.

ಆರನೇ ಫೋಟೋದಲ್ಲಿ ಒಂದು ಗಂಟು. ತಾಮ್ರದ ವೈರನ್ನು ಅಲ್ಯೂಮಿನಿಯಂ ವೈರಿಗೆ ನೇರ ತಿರುಚಿ ಮೇಲೆ ಟೇಪು ಸುತ್ತಿದ್ದು. ಟೇಪು ಕರಗಿ ಕಪ್ಪಾಗಿದೆ. ಈ ಎರಡು ಲೋಹ ಹಾಗೆ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಅದೂ ಉಪ್ಪು ಗಾಳಿಯ ಊರಲ್ಲಿ.

ಪುಣೆ ಭಾವ: ಈ ಗಂಟು ಹಾಕಿದ್ದು ಯಾರು ಅಂತ ಯಾರಾದ್ರೂ ಹೇಳ್ತೀರಾ?

ಗುಂಪು ತಣ್ಣಗಾಯಿತು. ಯಾಕೆಂದರೆ ಎಲ್ಲರಿಗೂ ಗೊತ್ತು. 2003ರಲ್ಲಿ ಸಿದ್ದಾಪುರದ ಅಕ್ಕನ ಮದುವೆಗೆ ನೆಂಟರು ಬರುತ್ತಾರೆಂದು ಗೀಸರ್ ಹಾಕಿಸಿದ್ದು. ಆ ಕೆಲಸಕ್ಕೆ ಬಂದವನು ದೊಡ್ಡಪ್ಪನ ಹಳೆ ವಿದ್ಯಾರ್ಥಿ.

ದೊಡ್ಡಪ್ಪ: ಅವನು ನನ್ನ ಶಿಷ್ಯ. ಒಂದು ರೂಪಾಯಿ ಮಜೂರಿ ತೆಗೆದುಕೊಳ್ಳದೇ ಮಾಡಿದ್ದಾನೆ.

ಪುಣೆ ಭಾವ: ದೊಡ್ಡಮಾವ, ಅದು ಗೊತ್ತಾಗುತ್ತೆ.

ಇದನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. 10.20ಕ್ಕೆ ದೊಡ್ಡಪ್ಪ ಗುಂಪಿನಿಂದ ಹೊರಗೆ ಹೋದರು. 10.22ಕ್ಕೆ ಸಿದ್ದಾಪುರದ ಅಕ್ಕ ಮತ್ತೆ ಸೇರಿಸಿದರು. ಇದು ನಾಲ್ಕನೇ ಸಲ. ಆಮೇಲಿನ ಒಂದು ಗಂಟೆ ಕರೆಂಟಿನದಲ್ಲ. 2009ರಲ್ಲಿ ಹಂಚು ಬದಲಿಸಿದಾಗ ಚಿಕ್ಕಪ್ಪ ಪಾಲು ಕೊಟ್ಟರೋ ಇಲ್ಲವೋ, ಕೊಟ್ಟದ್ದು ಕೈಯಲ್ಲೋ ಚೆಕ್ಕಿನಲ್ಲೋ, ಅಜ್ಜನ ತಿಥಿಗೆ ಯಾರು ತಡವಾಗಿ ಬಂದರು. ನಮ್ಮ ಅಪ್ಪ ಎಲ್ಲವನ್ನೂ ಓದುತ್ತಿದ್ದರು, ಒಂದಕ್ಕೂ ಉತ್ತರಿಸಲಿಲ್ಲ. ಅಪ್ಪನ ಕ್ರಮ ಅದು.

ಇಷ್ಟರಲ್ಲಿ ನಾನು ಮೇಲೆ ಹೋಗಿ ಆ ಫಾರ್ವರ್ಡಿನ ‘ಇನ್ನಷ್ಟು ಓದಿ’ ಒತ್ತಿದೆ. ಮುಂದಿನ ಸಾಲು ಹೀಗಿತ್ತು: “ಈ ಮಾತು ತಾಮ್ರದ ವೈರು, ಸರಿಯಾದ ಅರ್ಥಿಂಗ್ ಇರುವ ಮನೆಗೆ ಮಾತ್ರ. ಅಲ್ಯೂಮಿನಿಯಂ ವೈರು ಇದ್ದರೆ ಪೂರ್ತಿ ಬದಲಿಸಿ, ಆರ್‌ಸಿಸಿಬಿ ಹಾಕಿಸಿ.”

ಅದನ್ನು ಕತ್ತರಿಸಿ ಗುಂಪಿಗೆ ಹಾಕಿದೆ. ಎಲ್ಲರೂ ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ.

ಹುಬ್ಬಳ್ಳಿ ಚಿಕ್ಕಪ್ಪ: ಅದನ್ನೇ ನಾನೂ ಹೇಳಿದ್ದು.

ಬೆಂಗಳೂರು ಅಣ್ಣ: ಆದರೂ ಮೂಲ ಇಲ್ಲ.

ಮತ್ತೆ ಹಂಚಿನ ಲೆಕ್ಕಕ್ಕೆ ಹೋದರು.

ಆಗ ನನಗೆ ಹೊಳೆಯಿತು. ಅತ್ತೆ ಏನೂ ಹೇಳಿಲ್ಲ. ಫೋನ್ ಮಾಡಿದೆ. ಮಲಗಿರಲಿಲ್ಲ. “ಗುಂಪಿನ ಟಿಣ್ ಟಿಣ್‌ಗೆ ನಿದ್ದೆ ಎಲ್ಲಿ ಕೂಸೇ” ಎಂದರು. ಫ್ರಿಜ್ ಹೇಗಿದೆ ಎಂದು ಕೇಳಿದೆ. “ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತೆ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಕೆಳಗೆ ಮಣೆ ಇಟ್ಟಿದ್ದೇನೆ. ಅದರ ಮೇಲೆ ನಿಂತು ತೆಗೆದರೆ ಏನಾಗುವುದಿಲ್ಲ.”

ಎಷ್ಟು ದಿನದಿಂದ?

“ಮೂರು ಮಳೆಗಾಲ ಆಯ್ತು.”

ಫೋಟೋ ತೆಗೆದು ಗುಂಪಿಗೆ ಹಾಕಲು ಹೇಳಿದೆ. ಅತ್ತೆ ಹಾಕಿದರು. ಫ್ರಿಜ್, ಅದರ ಮುಂದೆ ಒಂದು ಮಣೆ. ಕೆಳಗೆ ಬರೆದರು: “ಇದರ ಮೇಲೆ ನಿಂತರೆ ಶಾಕ್ ಇಲ್ಲ.” ಈಗ ಎಲ್ಲರಿಗೂ ನಾಚಿಕೆಯಾಗುತ್ತದೆ ಎಂದು ಕಾದೆ.

ದೊಡ್ಡಪ್ಪ: ತಂಗಿ, ಆ ಮಣೆ ಎಲ್ಲಿ ಸಿಕ್ಕಿತು?

ಹುಬ್ಬಳ್ಳಿ ಚಿಕ್ಕಪ್ಪ: ಅಕ್ಕ, ಮೂಲೆಯಲ್ಲಿ ಹಿತ್ತಾಳೆ ಹೂವು ಇದೆಯಾ ನೋಡು.

ಸಿದ್ದಾಪುರ ಅಕ್ಕ: ಅಯ್ಯೋ, ಅದು ಅಜ್ಜನ ಊಟದ ಮಣೆ ಅಲ್ವಾ! ಹಲಸಿನ ಮರದ್ದು!

ಹೌದು, ಅದೇ. ಪಾಲಿನ ಸಮಯದಲ್ಲಿ ಕಾಣೆಯಾದ ಮಣೆ. ದೊಡ್ಡಪ್ಪ ಇಪ್ಪತ್ತು ವರ್ಷದಿಂದ ಅದು ಹುಬ್ಬಳ್ಳಿಗೆ ಹೋಗಿದೆ ಎಂದುಕೊಂಡಿದ್ದರು. ಚಿಕ್ಕಪ್ಪ ಶಿರಸಿಗೆ ಹೋಗಿದೆ ಎಂದುಕೊಂಡಿದ್ದರು. ಇಬ್ಬರೂ ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋದಾಗಲೆಲ್ಲ ಮೆಲ್ಲ ಅಡುಗೆಮನೆಗೆ ಇಣುಕುತ್ತಿದ್ದರು ಎಂಬುದು ಅಂದು ಬಯಲಾಯಿತು. ಅದು ಕಾಜುಬಾಗದ ಅಟ್ಟದಲ್ಲೇ ಇತ್ತು. 12.15ರ ತನಕ ಮಣೆಯ ಚರ್ಚೆ. ಫ್ರಿಜ್ಜನ್ನು ಯಾರೂ ಕೇಳಲಿಲ್ಲ.

ಬೆಳಿಗ್ಗೆ 6 ಗಂಟೆಗೆ ಅಪ್ಪ 22,000 ರೂಪಾಯಿ ಕಳಿಸಿದ ಸ್ಕ್ರೀನ್‌ಶಾಟ್ ಗುಂಪಿನಲ್ಲಿತ್ತು. ಮಾತು ಒಂದೂ ಇಲ್ಲ. ಅದನ್ನು ನೋಡಿ ದೊಡ್ಡಪ್ಪ ಕಳಿಸಿದರು. ಚಿಕ್ಕಪ್ಪ ಕಳಿಸಿದ್ದು ಗುರುವಾರ, ಒಂದು ಷರತ್ತಿನ ಮೇಲೆ. ವೈರಿಂಗ್ ಆದ ಮೇಲೆ ಅಕ್ಕನಿಗೆ ಹೇಗೂ ಮಣೆ ಬೇಡ, ಹಾಗಾಗಿ ಅದು ಹುಬ್ಬಳ್ಳಿಗೆ ಬರಬೇಕು. ತರ್ಕ ಸರಿಯಾಗಿಯೇ ಇತ್ತು. ದೊಡ್ಡಪ್ಪನಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಕೆಲಸಕ್ಕೆ ಒಂಬತ್ತು ದಿನ ಬೇಕಾಯಿತು. ಚಿರೇಕಲ್ಲಿನ ಗೋಡೆ ಕೊರೆದರೆ ಮನೆಯೆಲ್ಲ ಕೆಂಪು ಧೂಳು ಎಂದು ಅತ್ತೆ ಹೇಳಿದ್ದಕ್ಕೆ ಹುಡುಗ ಗೋಡೆ ಮೇಲೆಯೇ ಪಿವಿಸಿ ಪಟ್ಟಿ ಹಾಕಿದ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು. ಅರ್ಥಿಂಗಿನ ಗುಂಡಿ ಅಜ್ಜ ತಾನೇ ನಿಂತು ಉಪ್ಪು, ಇದ್ದಿಲು ಹಾಕಿಸಿದ್ದು. ಹುಡುಗ ಅದರ ಕಬ್ಬಿಣದ ಪೈಪು ಎಳೆದರೆ ಹಪ್ಪಳದ ಹಾಗೆ ಮುರಿದು ಕೈಗೆ ಬಂತಂತೆ. ದೊಡ್ಡಪ್ಪನಿಗೆ ಆ ಫೋಟೋ ಯಾರೂ ಕಳಿಸಲಿಲ್ಲ. ಭಾವನೂ ಕಳಿಸಲಿಲ್ಲ.

ಹೊಸ ಆರ್‌ಸಿಸಿಬಿ ಹಾಕಿದ ಮೊದಲ ಮಳೆಗೆ ಮೂರು ಸಲ ಬಿತ್ತು. ಹೇಳಿದ್ದೆ, ಮಾಲು ಸರಿಯಿಲ್ಲ ಎಂದು ಚಿಕ್ಕಪ್ಪ ಬರೆದರು. ಮಾಲು ಸರಿಯಾಗೇ ಇತ್ತು. ಬಾವಿಯ ಪಂಪಿಗೆ ಹೋಗುವ ಹಳೆ ವೈರೊಂದು ಉಳಿದುಬಿಟ್ಟಿತ್ತು, ನೆನೆದು ಸೋರುತ್ತಿತ್ತು. ಕೆಲವರು ಇಂಥ ಸಮಯದಲ್ಲಿ ಆರ್‌ಸಿಸಿಬಿಯನ್ನೇ ತೆಗೆದು ನೇರ ಕೊಟ್ಟುಬಿಡುತ್ತಾರೆ. ಬಾಡದ ಹುಡುಗ ಮಳೆಯಲ್ಲಿ ನಿಂತು ಆ ವೈರನ್ನೂ ಬದಲಿಸಿದ. ಹೋಗುವಾಗ ಅತ್ತೆಗೆ ಅದರ ಮೇಲಿನ ಟೆಸ್ಟ್ ಗುಂಡಿ ತೋರಿಸಿ, ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದರೆ ತಟ್ಟನೆ ಬೀಳಬೇಕು, ಬೀಳದಿದ್ದರೆ ನನಗೆ ಫೋನ್ ಮಾಡಿ ಎಂದ.

ಅತ್ತೆ ಇಂಥದ್ದರಲ್ಲಿ ಬಲು ಶಿಸ್ತು. ಜುಲೈ 1ನೇ ತಾರೀಕು ಬೆಳಿಗ್ಗೆ 7 ಗಂಟೆಗೆ ಒತ್ತಿದರು. ಗುಂಪಿಗೆ ಒಂದೇ ಪದ ಬರೆದರು: “ಬಿತ್ತು.”

ನಮ್ಮದು ಹವ್ಯಕರ ಮನೆ. ನಮ್ಮ ಮನೆಮಾತಿನಲ್ಲಿ ಹೆಂಗಸರಿಗೂ ಬಂತು, ಹೋಯ್ತು, ಬಿತ್ತು ಎಂದೇ ಹೇಳುವುದು.

ಸಿದ್ದಾಪುರ ಅಕ್ಕ: ಅಯ್ಯೋ ದೇವರೇ! ಯಾರು? ಅತ್ತೆಯಾ? ಎಲ್ಲಿ?

ದೊಡ್ಡಪ್ಪ: ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

ಬೆಂಗಳೂರು ಅಣ್ಣ: ಮೊದಲು ಹೇಳಿದವರು ಯಾರು?

ಹುಬ್ಬಳ್ಳಿ ಚಿಕ್ಕಪ್ಪ: ಈಗಲೇ ಹೊರಟೆ. ಮಣೆ ತೆಗೆದುಕೊಂಡು ಹೋದದ್ದೇ ತಪ್ಪಾಯ್ತು.