ಪದಚರ್ಚೆ: ‘ಪರ್ಕಶನ್ ಪಿಸ್ಟಲ್’ ಅನ್ನು ‘ಕೇಪಿನ ಪಿಸ್ತೂಲು’ ಅಂದರೆ ನಡೆಯುತ್ತಾ?

ಹಳೆ ಆಯುಧಗಳ ಹರಾಜು ಪಟ್ಟಿಗಳಲ್ಲಿ ಒಂದು ಸಾಲು ಪದೇ ಪದೇ ಬರುತ್ತದೆ: ‘ಎ ಕೇಸ್ಡ್ ಪೇರ್ ಆಫ್ ಪರ್ಕಶನ್ ಪಿಸ್ಟಲ್ಸ್’. ಅದರ ಹಿಂದೆಯೇ ಯಾವುದೋ ಬ್ರಿಟಿಷ್ ರೆಜಿಮೆಂಟಿನ ಕ್ಯಾಪ್ಟನ್ನನ ಹೆಸರು. ಇಂಥದ್ದೊಂದು ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ‘ಪಿಸ್ತೂಲು’ ಒಂದನ್ನು ಬಿಟ್ಟರೆ ಮಿಕ್ಕ ಎಲ್ಲ ಪದಗಳಲ್ಲೂ ತಕರಾರಿದೆ. ಬಲ್ಲವರು ಹೇಳಬೇಕು.

ಮೊದಲು ‘ಪರ್ಕಶನ್’. ತಾಡನ, ಆಘಾತ ಅಂತ ಸಂಸ್ಕೃತಕ್ಕೆ ಹೋಗಬಹುದು. ಆದರೆ ‘ತಾಡನ ಪಿಸ್ತೂಲು’ ಅಂದರೆ ಹಿಡಿಯಿಂದ ತಲೆಗೆ ಕುಕ್ಕುವ ಆಯುಧ ಅಂದುಕೊಂಡಾರು. ನಮ್ಮ ಮಲೆನಾಡಿನ ಕಡೆ ಇದಕ್ಕೆ ಆಗಲೇ ಮಾತಿದೆಯಲ್ಲ, ಕೇಪಿನ ಕೋವಿ ಅಂತ. ನಳಿಗೆಯ ಬಾಯಿಂದ ಮಸಿ (ಕೋವಿಯ ಮದ್ದು) ಸುರಿದು, ಗುಂಡು ಹಾಕಿ, ಗಜದಲ್ಲಿ, ಅಂದರೆ ಉದ್ದನೆಯ ಸರಳಿನಲ್ಲಿ, ಜಡಿದು, ಹಿಂದುಗಡೆ ಕೇಪು ಕೂರಿಸಿ ಈಡು ಹೊಡೆಯುವ ಕೋವಿ. ಲಂಡನ್ನಿನಲ್ಲಿ ಮಾಡಿದ ದುಬಾರಿ ಪಿಸ್ತೂಲಿನಲ್ಲೂ ನಡೆಯುವುದು ಇಷ್ಟೇ.

ಅದಕ್ಕಿಂತ ಹಿಂದಿನದು ಚಕಮಕಿ ಕೋವಿ. ಅದರಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು, ಆ ಕಿಡಿ ಹೊರಗಿನ ಬಟ್ಟಲಿನಲ್ಲಿರುವ ರಂಜಕಕ್ಕೆ (ಬೆಂಕಿ ಹೊತ್ತಿಸುವ ಚಿಟಿಕೆ ಮದ್ದಿಗೆ) ತಾಗಬೇಕು, ಅಲ್ಲಿಂದ ಬೆಂಕಿ ಸಣ್ಣ ತೂತಿನಲ್ಲಿ ನುಗ್ಗಿ ಒಳಗಿನ ಮದ್ದಿಗೆ ಹತ್ತಬೇಕು. ಹೊರಗೆ ಮಿಂಚಿದ ಮೇಲೆ ಒಳಗೆ ಸಿಡಿಯುವುದು. ಅಷ್ಟರಲ್ಲಿ ನೀರುಹಕ್ಕಿ ಮುಳುಗಿಬಿಡುತ್ತಿತ್ತಂತೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಶಿಕಾರಿಯ ಹುಚ್ಚು. ಏಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಕೋವಿಗೆ ಹೊಂದಿಸಿ ಆತ 1807ರಲ್ಲಿ ಪೇಟೆಂಟ್ ಪಡೆದ. ಅಂಥ ಮದ್ದನ್ನು ಪುಟ್ಟ ತಾಮ್ರದ ಬಟ್ಟಲಿಗೆ ಅಂಟಿಸಿ ಟೋಪಿಯಂತೆ ತೊಡಿಸುವ ಉಪಾಯ ಆಮೇಲೆ ಬಂತು. ಅದೇ ಕೇಪು. ಹಾಗಾಗಿ ‘ಕೇಪಿನ ಪಿಸ್ತೂಲು’ ಅನ್ನುವುದೇ ನನ್ನ ಒಲವು.

ತೊಂದರೆ ಇರುವುದು ದೀಪಾವಳಿಯಲ್ಲಿ! ಕೇಪ್ ಪಿಸ್ತೂಲು ಅಂದ ಕೂಡಲೇ ಕೆಂಪು ಕಾಗದದ ಸುರುಳಿ ಹಾಕಿ ಮಕ್ಕಳು ಟಪ್ ಅನ್ನಿಸುವ ತಗಡಿನ ಆಟಿಕೆ ಕಣ್ಣಿಗೆ ಬರುತ್ತದೆ. ಏಟು ಬಿದ್ದು ಸಿಡಿಯುವ ಕೆಲಸ ಎರಡರಲ್ಲೂ ಒಂದೇ, ಸರಿ. ಆದರೆ ಲಕ್ಷಗಟ್ಟಲೆ ಬೆಲೆಯ ವಸ್ತುವಿನ ವಿವರಣೆ ಓದುತ್ತಾ ಯಾರೂ ನಗಬಾರದಲ್ವಾ? ‘ಕೇಪು ಕೂರಿಸುವ ಪಿಸ್ತೂಲು’ ಅಂದರೆ ಗೊಂದಲ ಕಡಿಮೆ. ಸ್ವಲ್ಪ ಉದ್ದ, ಅಷ್ಟೇ.

‘ಪೇರ್’ ಸುಲಭ ಅನ್ನಿಸುತ್ತದೆ, ಸುಲಭವಲ್ಲ. ‘ಜೋಡು ಪಿಸ್ತೂಲು’ ಅಂದರೆ ಜೋಡು ನಳಿಗೆಯ ಒಂದೇ ಪಿಸ್ತೂಲು ಅನ್ನುವ ಅರ್ಥ ಬಂದುಬಿಡುತ್ತದೆ. ಇಲ್ಲಿರುವುದು ಒಂಟಿ ನಳಿಗೆಯ ಎರಡು. ಆದ್ದರಿಂದ ‘ಪಿಸ್ತೂಲು ಜೋಡಿ’ ಅನ್ನುವುದೇ ಕ್ಷೇಮ.

‘ಕೇಸ್ಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಕೇಸಿನ ಪಿಸ್ತೂಲು’ ಅಂದರೆ ಪೊಲೀಸರು ಜಪ್ತಿ ಮಾಡಿದ್ದು ಅಂತಾಗುತ್ತದೆ. ‘ಪೆಟ್ಟಿಗೆ ಸಮೇತ’ ಸಾಕು. ಆದರೆ ಆ ಪೆಟ್ಟಿಗೆಯೇ ಒಂದು ಸೊಗಸು. ಮಹಾಗನಿ ಅಥವಾ ಓಕ್ ಮರ, ಒಳಗೆ ಹಸಿರು ಉಣ್ಣೆ ಬಟ್ಟೆಯ ಹಾಸು, ಖಾನೆ ಖಾನೆ. ಒಂದರಲ್ಲಿ ಮದ್ದಿನ ಕುಪ್ಪಿ, ಒಂದರಲ್ಲಿ ಗುಂಡು ಎರೆಯುವ ಇಕ್ಕಳದಂಥ ಅಚ್ಚು, ಮೂಲೆಯಲ್ಲಿ ಕೇಪಿನ ಡಬ್ಬಿ. ಮುಚ್ಚಳದ ಒಳಬದಿಗೆ ಅಂಗಡಿಯವರ ಚೀಟಿ. ಮುಚ್ಚಳದ ಮೇಲೆ ಹಿತ್ತಾಳೆಯ ತಗಡು, ಅದರಲ್ಲಿ ಯಜಮಾನನ ಹೆಸರು ಅಥವಾ ಮನೆತನದ ಲಾಂಛನ. ಆಗೆಲ್ಲ ಬ್ರಿಟಿಷ್ ಅಧಿಕಾರಿಗಳು ಪಿಸ್ತೂಲನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳಬೇಕಿತ್ತು.

ಜೋಡಿ, ಪೆಟ್ಟಿಗೆ, ಅಧಿಕಾರಿ ಮೂರೂ ಸೇರಿದರೆ ಎಲ್ಲರೂ ‘ಡ್ಯುಯೆಲ್ ಪಿಸ್ತೂಲು’, ಅಂದರೆ ಇಬ್ಬರು ಎದುರುಬದುರು ನಿಂತು ಗುಂಡು ಹಾರಿಸುವ ಕಾಳಗದ್ದು, ಅಂದುಬಿಡುತ್ತಾರೆ. ಎಲ್ಲವೂ ಹಾಗಲ್ಲ. ಗಜ ನೋಡಿದರೆ ಒಂದು ಸುಳಿವು ಸಿಗುತ್ತದೆ. ದಂಡಿನಲ್ಲಿ ಬಳಸುವ ಪಿಸ್ತೂಲಿಗೆ ಎಷ್ಟೋ ಸಲ ಗಜವನ್ನು ನಳಿಗೆಯ ಮೂತಿಗೇ ಕೀಲಿನಿಂದ ಸೇರಿಸಿರುತ್ತಾರೆ, ಕುದುರೆಯ ಮೇಲೆ ಕೂತು ಮದ್ದು ತುಂಬುವಾಗ ಕೈಜಾರಿ ಬೀಳದಿರಲಿ ಅಂತ. ಸೊಂಟಪಟ್ಟಿಗೆ ಸಿಕ್ಕಿಸುವ ಕೊಕ್ಕೆಯೂ ಇರಬಹುದು. ಅಳೆದ ಹೆಜ್ಜೆಯಲ್ಲಿ ನಿಂತು ಒಂದೇ ಈಡು ಹೊಡೆಯುವವನಿಗೆ ಇದೆಲ್ಲ ಯಾಕೆ?

ಹಾಗಂತ ಅಧಿಕಾರಿಗಳು ಡ್ಯುಯೆಲ್ ಆಡಲಿಲ್ಲ ಅಂತಲ್ಲ. ಹನ್ನೊಂದನೇ ಹುಸಾರ್ಸ್ ಎಂಬ ಕುದುರೆ ದಂಡಿನ ಲಾರ್ಡ್ ಕಾರ್ಡಿಗನ್ 1840ರ ಸೆಪ್ಟೆಂಬರಿನಲ್ಲಿ ವಿಂಬಲ್ಡನ್ ಬಯಲಿನಲ್ಲಿ ಕ್ಯಾಪ್ಟನ್ ಟಕೆಟ್‌ನನ್ನು ಗಾಯಗೊಳಿಸಿದ. ಮರುವರ್ಷ ಬ್ರಿಟಿಷ್ ಸಂಸತ್ತಿನ ಲಾರ್ಡ್ಸ್ ಸಭೆಯಲ್ಲಿ ವಿಚಾರಣೆ. ಆರೋಪಪಟ್ಟಿಯಲ್ಲಿದ್ದ ‘ಹಾರ್ವೆ ಗಾರ್ನೆಟ್ ಫಿಪ್ಸ್ ಟಕೆಟ್’ ಮತ್ತು ಗುಂಡೇಟು ತಿಂದ ಕ್ಯಾಪ್ಟನ್ ಹಾರ್ವೆ ಟಕೆಟ್ ಒಬ್ಬನೇ ಅಂತ ರುಜುವಾತು ಆಗಲಿಲ್ಲ ಅನ್ನುವ ನೆಪದಲ್ಲಿ ಖುಲಾಸೆ! 1843ರಲ್ಲಿ ಕರ್ನಲ್ ಫಾಸೆಟ್ ತನ್ನ ಷಡ್ಡಕ ಲೆಫ್ಟಿನೆಂಟ್ ಮನ್ರೋನ ಗುಂಡಿಗೆ ಸತ್ತ ಮೇಲೆ, 1844ರಲ್ಲಿ ಸೇನೆಯ ನಿಯಮಗಳೇ ಬಿಗಿಯಾದವು. ಇಂಥ ಕಾಳಗಕ್ಕೆ ‘ದ್ವಂದ್ವಯುದ್ಧ’ ಸರಿ. ಆದರೆ ‘ದ್ವಂದ್ವ ಪಿಸ್ತೂಲು’ ನನ್ನ ಕಿವಿಗೆ ಹಿಡಿಸುವುದಿಲ್ಲ, ಪಿಸ್ತೂಲಿಗೇ ಏನೋ ಗೊಂದಲ ಆದಂತಿದೆ.

ಇನ್ನು ಅಧಿಕಾರಿ. ‘ಸೇನಾನಿ’ ಬೇಡ, ಅದು ಸೇನೆ ನಡೆಸುವವನಿಗೆ. ‘ಸೇನಾಧಿಕಾರಿ’ ಇರಲಿ. ಇಂಥ ಪಟ್ಟಿಗಳಲ್ಲಿ ಬರುವ ‘ಆಂಟೀಕ್’ಗೆ ‘ಪುರಾತನ’ ಅಂದರೆ ಹಂಪಿಯ ಕಾಲಕ್ಕೆ ಹೋದಂತಾಗುತ್ತದೆ. ‘ಹಳೆಯ ಕಾಲದ’ ಅನ್ನಬಹುದು.

ಸದ್ಯಕ್ಕೆ ನಾನು ಬರೆದುಕೊಂಡಿರುವುದು: ‘ಸೇನಾಧಿಕಾರಿಯೊಬ್ಬರ ಹಳೆಯ ಕಾಲದ ಕೇಪಿನ ಪಿಸ್ತೂಲು ಜೋಡಿ, ಪೆಟ್ಟಿಗೆ ಸಮೇತ.’

ಇನ್ನೊಂದು ಪ್ರಶ್ನೆ ಉಳಿದಿದೆ. ಕೇಪಿನ ಮೇಲೆ ಬಂದು ಬಡಿಯುವ ಭಾಗ ಕುದುರೆ. ಆದರೆ ಬೆರಳಿನಲ್ಲಿ ಎಳೆಯುವ ಟ್ರಿಗರ್‌ಗೂ ಕುದುರೆ ಅನ್ನುವವರಿದ್ದಾರೆ. ‘ಕುದುರೆ ಎತ್ತಿದ’, ‘ಕುದುರೆ ಎಳೆದ’ ಎರಡನ್ನೂ ಕೇಳಿದ್ದೇನೆ. ಒಂದೇ ವಾಕ್ಯದಲ್ಲಿ ಎರಡೂ ಭಾಗ ಬಂದಾಗ ನಿಮ್ಮೂರಿನ ಕಡೆ ಕೋವಿ ಹಿಡಿದವರು ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಬಾಯಲ್ಲಿರುವುದು ಬೇಕು.